ಫೀನಿಯನ್: ಬಿರುದೊಂದು ಬೈಗುಳವಾದ ಬಗೆ

2024ರ ಫೆಬ್ರುವರಿ 3ರಂದು ಬೆಲ್‌ಫಾಸ್ಟ್ ನಗರದ ಸ್ಟಾರ್ಮಾಂಟ್ ಭವನದಲ್ಲಿ ಸಿನ್ ಫೇನ್ ಪಕ್ಷದ ಮಿಷೆಲ್ ಒನೀಲ್ ಅವರು ಉತ್ತರ ಐರ್ಲೆಂಡ್‌ನ ಪ್ರಥಮ ಸಚಿವೆಯಾಗಿ ಅಧಿಕಾರ ವಹಿಸಿಕೊಂಡರು. ನಮ್ಮ ರಾಜ್ಯಗಳ ಮುಖ್ಯಮಂತ್ರಿ ಪದವಿಯನ್ನು ಹೋಲುವ ಈ ಸ್ಥಾನಕ್ಕೆ ಐರಿಷ್ ರಾಷ್ಟ್ರೀಯವಾದಿ ಪಾಳಯದವರೊಬ್ಬರು ಏರಿದ್ದು ಅದೇ ಮೊದಲು. ಪ್ರಾಟೆಸ್ಟಂಟರ ಬಹುಮತ ಉಳಿಯುವಂತೆ ಗಡಿ ಗುರುತಿಸಿ 1921ರಲ್ಲಿ ರೂಪಿಸಲಾದ ಪ್ರಾಂತ್ಯವದು. 2021ರ ಜನಗಣತಿಯಲ್ಲಿ ಕ್ಯಾಥೊಲಿಕ್ ಹಿನ್ನೆಲೆಯವರು ಶೇ 45.7ರಷ್ಟಿದ್ದು, ಪ್ರಾಟೆಸ್ಟಂಟ್ ಹಾಗೂ ಇತರ ಕ್ರೈಸ್ತ ಹಿನ್ನೆಲೆಯವರು ಶೇ 43.5ರಷ್ಟಿದ್ದರು. ನೂರು ವರ್ಷಗಳ ಲೆಕ್ಕಾಚಾರ ಹೀಗೆ ತಲೆಕೆಳಗಾಗಿದೆ.

ಲೆಕ್ಕ ಬದಲಾದರೂ ಮಾತು ಬದಲಾಗಿಲ್ಲ. ಬೆಲ್‌ಫಾಸ್ಟ್‌ನ ಗೋಡೆಬರಹಗಳಲ್ಲಿಯೂ ಸ್ಕಾಟ್ಲೆಂಡ್‌ನ ಫುಟ್ಬಾಲ್ ಮೈದಾನಗಳಲ್ಲಿಯೂ ಕ್ಯಾಥೊಲಿಕರನ್ನು ಹೀಯಾಳಿಸಲು ಬಳಕೆಯಾಗುವ ಒಂದು ಪದ ಇಂದಿಗೂ ಜೀವಂತವಾಗಿದೆ. ಅದೇ ‘ಫೀನಿಯನ್’. ಅದೇ ಪದವನ್ನು ಡಬ್ಲಿನ್ ನಗರದ ಸ್ಮಾರಕವೊಂದರ ಮುಂದೆ ಉಚ್ಚರಿಸಿದರೆ ಅದು ಗೌರವದ ನುಡಿ. ಗ್ಲಾಸ್ಗೋದ ಬೀದಿಯಲ್ಲಿ ಕೂಗಿದರೆ ಪೊಲೀಸರು ಬಂದಾರು. ಒಂದೇ ಪದಕ್ಕೆ ಈ ಎರಡು ಮುಖಗಳು ಬಂದದ್ದು ಹೇಗೆ? ಅದನ್ನು ಅರಿಯಬೇಕಾದರೆ ಐರ್ಲೆಂಡ್‌ನ ಪುರಾಣ, ಕ್ಷಾಮ, ಗುಪ್ತಸಂಘ, ಸೆರೆಮನೆಗಳ ಹಾದಿಯಲ್ಲಿ ಒಂದಿಷ್ಟು ಹಿಂದಕ್ಕೆ ಸಾಗಬೇಕಾಗುತ್ತದೆ.

ಮೊದಲಿಗೆ ಒಂದು ಸ್ಪಷ್ಟನೆ. ‘ಫೀನಿಯನ್’ ಮತ್ತು ‘ಸಿನ್ ಫೇನ್’ ಪದಗಳು ಕಿವಿಗೆ ಒಂದೇ ಬಗೆಯಲ್ಲಿ ಕೇಳಿಸುತ್ತವೆಯಾದರೂ ಅವುಗಳ ನಡುವೆ ಯಾವ ಭಾಷಿಕ ಸಂಬಂಧವೂ ಇಲ್ಲ. 1905ರಲ್ಲಿ ಆರ್ಥರ್ ಗ್ರಿಫಿತ್ ಹುಟ್ಟುಹಾಕಿದ ಪಕ್ಷದ ಹೆಸರಿಗೆ ಐರಿಷ್ ಭಾಷೆಯಲ್ಲಿ ‘ನಾವೇ ನಾವಾಗಿ’ ಎಂಬರ್ಥವಿದೆ. ಫೀನಿಯನ್ ಪದ ಅದಕ್ಕಿಂತ ಅರ್ಧ ಶತಮಾನದಷ್ಟು ಮೊದಲೇ ರಾಜಕೀಯಕ್ಕೆ ಬಂದದ್ದು. ಅದರ ಬೇರುಗಳಂತೂ ಸಾವಿರ ವರ್ಷಕ್ಕೂ ಹಳೆಯವು.

ಪುರಾಣದ ಯೋಧಪಡೆ

ಪ್ರಾಚೀನ ಐರಿಷ್ ಭಾಷೆಯಲ್ಲಿ ‘ಫಿಯನ್’ ಎಂದರೆ ಯೋಧರ ಗುಂಪು. ಸ್ವಂತ ಭೂಮಿಯಿಲ್ಲದ, ಇನ್ನೂ ಗೃಹಸ್ಥರಾಗದ ತರುಣರು ಊರ ಹೊರಗೆ ಕಾಡುಮೇಡುಗಳಲ್ಲಿ ಬೇಟೆಯಾಡುತ್ತ, ಅಗತ್ಯ ಬಿದ್ದಾಗ ಕಾದಾಡುತ್ತ ಬದುಕುತ್ತಿದ್ದ ತಂಡಗಳಿಗೆ ಈ ಹೆಸರಿತ್ತು. ಇದರ ಬಹುವಚನ ರೂಪವೇ ‘ಫಿಯಾನ’. ಜನಪದರ ನಾಲಗೆಯ ಮೇಲೆ ಇಂತಹ ಪಡೆಗಳ ಪೈಕಿ ಅಮರವಾದದ್ದು ಫಿನ್ ಮಕೂಲ್ ಎಂಬ ವೀರನ ಪಡೆ. ಜ್ಞಾನದ ಮೀನನ್ನು ಬೇಯಿಸುವಾಗ ಸುಟ್ಟ ಹೆಬ್ಬೆರಳನ್ನು ಬಾಯಿಗಿಟ್ಟು ಸರ್ವಜ್ಞನಾದವನು ಈ ಫಿನ್. ಅವನ ಮಗ ಆಶೀನ್ ಚಿರಯೌವನದ ನಾಡಿಗೆ ಹೋಗಿ ಮುನ್ನೂರು ವರ್ಷಗಳ ನಂತರ ಮರಳಿ ಬಂದನೆಂಬ ಕಥೆಯೂ ಪ್ರಸಿದ್ಧವಾದದ್ದೇ. ಹೊರಗಿನ ಆಕ್ರಮಣಕಾರರಿಂದ ಐರ್ಲೆಂಡ್‌ನ ಕಡಲತೀರವನ್ನು ಕಾಯುವವರು ಈ ಯೋಧರು ಎಂಬ ಚಿತ್ರ ಈ ಕಥಾಚಕ್ರದಿಂದ ಜನಮನದಲ್ಲಿ ನೆಲೆಯೂರಿತ್ತು.

ಇದರ ಪಕ್ಕದಲ್ಲೇ ಇನ್ನೊಂದು ಹಳೆಯ ಪದವಿತ್ತು: ‘ಫೇನಿ’. ಪ್ರಾಚೀನ ಐರಿಷ್ ಧರ್ಮಶಾಸ್ತ್ರಗಳಲ್ಲಿ ಸ್ವತಂತ್ರ ಐರಿಷ್ ಪ್ರಜೆಗಳಿಗೆ ಬಳಸಲಾಗುತ್ತಿದ್ದ ಹೆಸರದು. ಆ ಕಾನೂನು ಪದ್ಧತಿಯನ್ನೇ ‘ಫೇನೆಖಸ್’ ಎಂದು ಕರೆಯಲಾಗುತ್ತಿತ್ತು. ಇಂಗ್ಲಿಷ್ ಬರಹಗಾರರು ಫಿಯನ್ ಮತ್ತು ಫೇನಿಗಳನ್ನು ಬೆರೆಸಿ ‘ಫೀನಿಯನ್’ ಎಂಬ ಹೊಸ ರೂಪ ಕೊಟ್ಟರು. ಬೆರಕೆಯೇ ಆಗಿದ್ದರೂ ಅದರಲ್ಲಿ ಎರಡು ಅರ್ಥಗಳು ಒಟ್ಟಾಗಿ ಸೇರಿಕೊಂಡವು. ಒಂದು, ನಾಡು ಕಾಯುವ ಯೋಧ. ಇನ್ನೊಂದು, ಯಾರಿಗೂ ಅಡಿಯಾಳಲ್ಲದ ಸ್ವತಂತ್ರ ಪ್ರಜೆ. ಮುಂದೆ ಈ ಪದ ಕ್ರಾಂತಿಕಾರಿಗಳ ಕೈಸೇರಿದಾಗ ಅವರಿಗೆ ಬೇಕಾಗಿದ್ದುದೂ ಈ ಎರಡು ಅರ್ಥಗಳೇ.

ವಿದ್ವಾಂಸನ ಆಯ್ಕೆ

1845ರಿಂದ ಐರ್ಲೆಂಡ್‌ನಲ್ಲಿ ಆಲೂಗಡ್ಡೆ ಬೆಳೆಗೆ ರೋಗ ಬಡಿದು ಭೀಕರ ಕ್ಷಾಮ ಎರಗಿತು. ಸುಮಾರು ಹತ್ತು ಲಕ್ಷ ಜನ ಹಸಿವು ಮತ್ತು ರೋಗಗಳಿಂದ ಸತ್ತರು. ಹೆಚ್ಚುಕಡಿಮೆ ಅಷ್ಟೇ ಮಂದಿ ಹಡಗು ಹತ್ತಿ ದೇಶ ಬಿಟ್ಟರು. 1841ರಲ್ಲಿ ಸುಮಾರು 82 ಲಕ್ಷವಿದ್ದ ಜನಸಂಖ್ಯೆ 1851ರ ಹೊತ್ತಿಗೆ 65 ಲಕ್ಷಕ್ಕೆ ಇಳಿದಿತ್ತು. ಈ ಸಂಕಟದ ನಡುವೆಯೇ 1848ರಲ್ಲಿ ‘ಯಂಗ್ ಐರ್ಲೆಂಡ್’ ಗುಂಪು ನಡೆಸಿದ ಸಣ್ಣ ದಂಗೆ ವಿಫಲವಾಯಿತು. ಅದರಲ್ಲಿ ಭಾಗಿಯಾಗಿದ್ದ ಜೇಮ್ಸ್ ಸ್ಟೀಫನ್ಸ್ ಮತ್ತು ಜಾನ್ ಒಮಹೋನಿ ತಲೆತಪ್ಪಿಸಿಕೊಂಡು ಪ್ಯಾರಿಸ್ ಸೇರಿದರು.

1858ರ ಮಾರ್ಚ್ 17ರಂದು, ಅಂದರೆ ಸಂತ ಪ್ಯಾಟ್ರಿಕ್‌ನ ದಿನದಂದು, ಸ್ಟೀಫನ್ಸ್ ಡಬ್ಲಿನ್‌ನಲ್ಲಿ ಗುಪ್ತಸಂಘವೊಂದನ್ನು ಸ್ಥಾಪಿಸಿದರು. ಶಸ್ತ್ರಬಲದಿಂದ ಬ್ರಿಟಿಷ್ ಆಳ್ವಿಕೆಯನ್ನು ಕೊನೆಗಾಣಿಸಿ ಗಣರಾಜ್ಯ ಸ್ಥಾಪಿಸುವುದಾಗಿ ಸದಸ್ಯರು ಪ್ರಮಾಣ ಸ್ವೀಕರಿಸುತ್ತಿದ್ದರು. ಆರಂಭದಲ್ಲಿ ಅದಕ್ಕೆ ಖಚಿತವಾದ ಹೆಸರೇ ಇರಲಿಲ್ಲ. ಒಳಗಿನವರು ‘ಸಂಘಟನೆ’ ಎಂದಷ್ಟೇ ಕರೆಯುತ್ತಿದ್ದರು. ‘ಐರಿಷ್ ರಿಪಬ್ಲಿಕನ್ ಬ್ರದರ್‌ಹುಡ್’ ಎಂಬ ಹೆಸರು ನೆಲೆನಿಂತದ್ದು ಆನಂತರ.

ಹೆಸರು ಕೊಟ್ಟವರು ಅಟ್ಲಾಂಟಿಕ್‌ನ ಆಚೆಯ ದಡದಲ್ಲಿದ್ದ ಒಮಹೋನಿ. ಅವರು ಬರಿಯ ಸಂಚುಗಾರರಲ್ಲ, ಐರಿಷ್ ಭಾಷೆಯ ವಿದ್ವಾಂಸರು. ಹದಿನೇಳನೆಯ ಶತಮಾನದಲ್ಲಿ ಜೆಫ್ರಿ ಕೀಟಿಂಗ್ ಐರಿಷ್ ಭಾಷೆಯಲ್ಲಿ ರಚಿಸಿದ ಐರ್ಲೆಂಡ್ ಚರಿತ್ರೆಯನ್ನು ಅವರು ಇಂಗ್ಲಿಷಿಗೆ ತಂದು 1857ರಲ್ಲಿ ನ್ಯೂಯಾರ್ಕ್‌ನಲ್ಲಿ ಪ್ರಕಟಿಸಿದ್ದರು. ಆ ಚರಿತ್ರೆಯಲ್ಲಿ ಫಿನ್ ಮಕೂಲ್‌ನ ಪಡೆಗೂ ಸ್ಥಾನವಿದೆ. ಅಮೆರಿಕದಲ್ಲಿ ಸಂಘದ ಶಾಖೆ ಕಟ್ಟುವಾಗ ಒಮಹೋನಿ ಅದಕ್ಕೆ ‘ಫೀನಿಯನ್ ಬ್ರದರ್‌ಹುಡ್’ ಎಂದು ಹೆಸರಿಟ್ಟರು. ಕ್ಷಾಮದಿಂದ ಕಂಗೆಟ್ಟು, ಪರದೇಶದಲ್ಲಿ ಕೂಲಿನಾಲಿ ಮಾಡಿಕೊಂಡಿದ್ದ ಜನರಿಗೆ ತಾವು ದಿಕ್ಕೆಟ್ಟ ವಲಸಿಗರಲ್ಲ, ನಾಡು ಕಾಯುವ ಪುರಾತನ ಪಡೆಯ ವಾರಸುದಾರರು ಎಂಬ ಭಾವವನ್ನು ಆ ಹೆಸರು ನೀಡಿತು.

ಪತ್ರಿಕೆಗಳೇ ಹಬ್ಬಿಸಿದ ಹೆಸರು

ಗುಪ್ತಸಂಘವೊಂದರ ಹೆಸರು ಮನೆಮಾತಾಗುವುದು ಸಾಮಾನ್ಯವಾಗಿ ಅದರ ವಿರೋಧಿಗಳಿಂದ. ಇಲ್ಲಿಯೂ ಹಾಗೆಯೇ ಆಯಿತು. ಅಮೆರಿಕದ ಶಾಖೆಯ ಹೆಸರನ್ನು ಲಂಡನ್‌ನ ಪತ್ರಿಕೆಗಳು, ಪೊಲೀಸರು ಮತ್ತು ಸಂಸದರು ಇಡೀ ಚಳವಳಿಗೆ ಅಂಟಿಸಿದರು. 1865ರ ಸೆಪ್ಟೆಂಬರ್‌ನಲ್ಲಿ ಸಂಘದ ಮುಖವಾಣಿಯಾಗಿದ್ದ ‘ಐರಿಷ್ ಪೀಪಲ್’ ಪತ್ರಿಕೆಯ ಕಚೇರಿಯ ಮೇಲೆ ದಾಳಿ ನಡೆಯಿತು. ಜಾನ್ ಒಲಿಯರಿ, ಥಾಮಸ್ ಕ್ಲಾರ್ಕ್ ಲೂಬಿ, ಒಡೊನೊವನ್ ರೊಸಾ ಮೊದಲಾದವರು ಸೆರೆಮನೆ ಸೇರಿದರು. 1866ರ ಫೆಬ್ರುವರಿಯಲ್ಲಿ ಐರ್ಲೆಂಡ್‌ನಲ್ಲಿ ಹೇಬಿಯಸ್ ಕಾರ್ಪಸ್ ಹಕ್ಕನ್ನೇ ಅಮಾನತುಗೊಳಿಸಲಾಯಿತು.

ಅದೇ ವರ್ಷದ ಜೂನ್‌ನಲ್ಲಿ, ಅಮೆರಿಕದ ಅಂತರ್ಯುದ್ಧದಲ್ಲಿ ಹೋರಾಡಿದ್ದ ಐರಿಷ್ ಸೈನಿಕರನ್ನೊಳಗೊಂಡ ಫೀನಿಯನ್ ಪಡೆಯೊಂದು ನಯಾಗರ ನದಿ ದಾಟಿ ಬ್ರಿಟಿಷ್ ಕೆನಡಾಕ್ಕೆ ನುಗ್ಗಿ, ರಿಜ್‌ವೇ ಎಂಬಲ್ಲಿ ಸ್ಥಳೀಯ ಪಡೆಯನ್ನು ಸೋಲಿಸಿತು. ಬಲು ಬೇಗ ಹಿಂದೆ ಸರಿಯಬೇಕಾಗಿ ಬಂದರೂ ಈ ದಾಳಿಯ ಪರಿಣಾಮ ದೊಡ್ಡದು. ಚದುರಿದ ವಸಾಹತುಗಳು ಒಂದಾಗದಿದ್ದರೆ ರಕ್ಷಣೆಯಿಲ್ಲ ಎಂಬ ವಾದಕ್ಕೆ ಅದು ಬಲ ತಂದುಕೊಟ್ಟಿತು. 1867ರ ಜುಲೈ 1ರಂದು ಕೆನಡಾ ಒಕ್ಕೂಟ ಅಸ್ತಿತ್ವಕ್ಕೆ ಬಂದಿತು. ಐರ್ಲೆಂಡ್ ಬಿಡಿಸಲು ಹೊರಟವರು ಅರಿವಿಲ್ಲದೆ ಇನ್ನೊಂದು ರಾಷ್ಟ್ರದ ನಿರ್ಮಾಣಕ್ಕೆ ನೆರವಾದದ್ದು ಇತಿಹಾಸದ ವಿಪರ್ಯಾಸವೇ ಸರಿ.

1867 ಫೀನಿಯನ್ ಪದದ ಪಾಲಿಗೆ ನಿರ್ಣಾಯಕ ವರ್ಷ. ಮಾರ್ಚ್‌ನಲ್ಲಿ ಐರ್ಲೆಂಡ್‌ನಲ್ಲಿ ನಡೆದ ದಂಗೆ ಕೆಲವೇ ದಿನಗಳಲ್ಲಿ ಅಡಗಿತು. ಸೆಪ್ಟೆಂಬರ್ 18ರಂದು ಮ್ಯಾಂಚೆಸ್ಟರ್‌ನಲ್ಲಿ ಇಬ್ಬರು ಫೀನಿಯನ್ ನಾಯಕರನ್ನು ಪೊಲೀಸ್ ವಾಹನದಿಂದ ಬಿಡಿಸುವಾಗ ಸಾರ್ಜೆಂಟ್ ಚಾರ್ಲ್ಸ್ ಬ್ರೆಟ್ ಗುಂಡಿಗೆ ಬಲಿಯಾದರು. ಆ ಪ್ರಕರಣದಲ್ಲಿ ಅಲೆನ್, ಲಾರ್ಕಿನ್, ಒಬ್ರಿಯನ್ ಎಂಬ ಮೂವರನ್ನು ನವೆಂಬರ್ 23ರಂದು ಸಾರ್ವಜನಿಕವಾಗಿ ಗಲ್ಲಿಗೇರಿಸಲಾಯಿತು. ಐರಿಷರಿಗೆ ಅವರು ‘ಮ್ಯಾಂಚೆಸ್ಟರ್ ಹುತಾತ್ಮ’ರಾದರು. ಡಿಸೆಂಬರ್ 13ರಂದು ಲಂಡನ್‌ನ ಕ್ಲರ್ಕನ್‌ವೆಲ್ ಸೆರೆಮನೆಯ ಗೋಡೆ ಒಡೆಯಲು ಸಿಡಿಸಿದ ಮದ್ದು ಎದುರಿನ ಬಡವರ ಮನೆಗಳನ್ನು ಉರುಳಿಸಿ ಹನ್ನೆರಡು ಜೀವಗಳನ್ನು ತೆಗೆಯಿತು. ಈ ಪ್ರಕರಣದಲ್ಲಿ 1868ರ ಮೇ 26ರಂದು ನೇಣಿಗೇರಿದ ಮೈಕೆಲ್ ಬ್ಯಾರೆಟ್ ಇಂಗ್ಲೆಂಡ್‌ನಲ್ಲಿ ಬಹಿರಂಗವಾಗಿ ಗಲ್ಲಿಗೇರಿದ ಕೊನೆಯ ವ್ಯಕ್ತಿ.

ಸ್ಫೋಟ ನಡೆದ ಎರಡು ವಾರಗಳಲ್ಲೇ ‘ಪಂಚ್’ ಪತ್ರಿಕೆಯಲ್ಲಿ ಜಾನ್ ಟೆನಿಯಲ್ ಬರೆದ ವ್ಯಂಗ್ಯಚಿತ್ರ ಪ್ರಕಟವಾಯಿತು. ಮದ್ದಿನ ಪೀಪಾಯಿಯ ಮೇಲೆ ಪಂಜು ಹಿಡಿದು ಕುಳಿತ, ಕಪಿಮುಖದ ಫೀನಿಯನ್ ಅದರಲ್ಲಿದ್ದ. ಕ್ಲರ್ಕನ್‌ವೆಲ್‌ನಲ್ಲಿ ಸತ್ತವರು ನಿರಪರಾಧಿಗಳಾಗಿದ್ದರು, ಆಕ್ರೋಶಕ್ಕೆ ಕಾರಣವಿತ್ತು ಎಂಬುದು ನಿಜ. ಆದರೆ ಚಿತ್ರಕಾರನ ಲೇಖನಿ ಅಪರಾಧಿಯನ್ನಷ್ಟೇ ಗುರುತಿಸಲಿಲ್ಲ, ಒಂದು ಜನಾಂಗದ ಮುಖಲಕ್ಷಣವನ್ನೇ ಗುರುತಿಸಿತು. ಕೃತ್ಯವನ್ನು ಸೂಚಿಸುತ್ತಿದ್ದ ಪದ ಹುಟ್ಟನ್ನು ಸೂಚಿಸುವತ್ತ ಇಟ್ಟ ಮೊದಲ ಹೆಜ್ಜೆಗಳಲ್ಲಿ ಇದೂ ಒಂದು.

ಚರ್ಚ್ ಶಪಿಸಿದವರು

ಇಂದು ‘ಫೀನಿಯನ್’ ಎಂದರೆ ಕ್ಯಾಥೊಲಿಕ್ ಎಂದೇ ಅರ್ಥೈಸುವವರು ಮರೆಯುವ ಸಂಗತಿಯೊಂದಿದೆ. ಫೀನಿಯನ್ನರ ಕಟ್ಟಾ ವಿರೋಧಿಗಳಲ್ಲಿ ಕ್ಯಾಥೊಲಿಕ್ ಚರ್ಚ್ ಕೂಡ ಒಂದಾಗಿತ್ತು. ಗುಪ್ತ ಪ್ರಮಾಣವಚನವನ್ನು ಧರ್ಮಬಾಹಿರವೆಂದು ಬಿಷಪ್ಪರು ಸಾರಿದರು. ಫೀನಿಯನ್ ನಾಯಕರಿಗೆ ನರಕದ ಬೆಂಕಿಯೂ ಸಾಲದೆಂಬರ್ಥದ ಪ್ರವಚನವನ್ನು ಕೆರ‍್ರಿಯ ಬಿಷಪ್ ಡೇವಿಡ್ ಮೊರಿಯಾರ್ಟಿ 1867ರಲ್ಲಿ ಮಾಡಿದ್ದರು. 1870ರ ಜನವರಿಯಲ್ಲಿ ಪೋಪ್ ಒಂಬತ್ತನೆಯ ಪಯಸ್ ಅವರ ಕಾಲದ ರೋಮ್ ಆಡಳಿತವು ಫೀನಿಯನ್ನರನ್ನು ಹೆಸರಿಸಿಯೇ ಧರ್ಮಬಹಿಷ್ಕಾರಕ್ಕೆ ಗುರಿಯಾದವರೆಂದು ಘೋಷಿಸಿತು.

ಫೀನಿಯನ್ನರ ಕಡೆಯಿಂದಲೂ ಧರ್ಮದ ರಾಜಕೀಯಕ್ಕೆ ಎಡೆಯಿರಲಿಲ್ಲ. 1867ರ ದಂಗೆಯ ವೇಳೆ ಅವರು ಹೊರಡಿಸಿದ ಘೋಷಣಾಪತ್ರವು ಎಲ್ಲರಿಗೂ ಮತದಾನದ ಹಕ್ಕು, ಆತ್ಮಸಾಕ್ಷಿಯ ಸ್ವಾತಂತ್ರ್ಯ, ಚರ್ಚ್ ಮತ್ತು ಪ್ರಭುತ್ವಗಳ ಸಂಪೂರ್ಣ ಪ್ರತ್ಯೇಕತೆಗಳನ್ನು ಪ್ರತಿಪಾದಿಸಿತ್ತು. ತಮ್ಮ ಯುದ್ಧ ಇಂಗ್ಲೆಂಡ್‌ನ ಜನರ ವಿರುದ್ಧವಲ್ಲ, ಜಮೀನುದಾರಿ ಪ್ರಭುತ್ವದ ವಿರುದ್ಧ ಎಂದು ಅಲ್ಲಿನ ಕಾರ್ಮಿಕರನ್ನು ಉದ್ದೇಶಿಸಿ ಅದು ಮನವಿ ಮಾಡಿತ್ತು. ಪೋಪರು ಬಹಿಷ್ಕರಿಸಿದ ಮತನಿರಪೇಕ್ಷ ಗಣರಾಜ್ಯವಾದಿಗಳ ಹೆಸರೇ ಮುಂದೆ ಪೋಪರ ಅನುಯಾಯಿಗಳೆಲ್ಲರಿಗೂ ಬೈಗುಳವಾಗಿ ತಗುಲಿಕೊಂಡದ್ದು ಈ ಪದದ ಚರಿತ್ರೆಯ ಅತಿ ದೊಡ್ಡ ವೈರುಧ್ಯ.

ಬೆಳಗಾವಿಯವರೆಗೆ ಬಂದ ಅಲೆ

ಫೀನಿಯನ್ನರ ದಂಗೆಗಳು ಸೋತವು. ಆದರೂ ಅವು ಬ್ರಿಟಿಷ್ ರಾಜಕೀಯದ ದಿಕ್ಕು ಬದಲಿಸಿದವು. ಪ್ರಧಾನಿ ಗ್ಲಾಡ್‌ಸ್ಟನ್ 1869ರಲ್ಲಿ ಐರ್ಲೆಂಡ್‌ನ ಆಂಗ್ಲಿಕನ್ ಚರ್ಚಿನ ಅಧಿಕೃತ ಸ್ಥಾನಮಾನ ರದ್ದುಪಡಿಸಿ, 1870ರಲ್ಲಿ ಮೊದಲ ಭೂ ಕಾಯ್ದೆ ತಂದರು. ಐರ್ಲೆಂಡ್‌ನ ಪ್ರಶ್ನೆಯತ್ತ ಬ್ರಿಟಿಷ್ ಜನಾಭಿಪ್ರಾಯ ತಿರುಗಲು ಫೀನಿಯನ್ ಚಳವಳಿ ಕಾರಣವಾಯಿತೆಂಬುದನ್ನು ಸ್ವತಃ ಅವರೇ ಒಪ್ಪಿಕೊಂಡಿದ್ದರು. ನ್ಯಾಯಾಲಯದಲ್ಲಿ ಫೀನಿಯನ್ ಕೈದಿಗಳ ಪರ ವಾದಿಸಿದ್ದ ವಕೀಲ ಐಸಾಕ್ ಬಟ್ 1870ರಲ್ಲಿ ಸಂವಿಧಾನಬದ್ಧ ಮಾರ್ಗದ ‘ಹೋಮ್ ರೂಲ್’ ಚಳವಳಿಯನ್ನು ಆರಂಭಿಸಿದರು. ಫೀನಿಯನ್ ಆಗಿ ಏಳು ವರ್ಷ ಸೆರೆಮನೆ ಕಂಡ ಮೈಕೆಲ್ ಡೇವಿಟ್ 1879ರಲ್ಲಿ ಗೇಣಿದಾರರ ಪರವಾಗಿ ‘ಲ್ಯಾಂಡ್ ಲೀಗ್’ ಕಟ್ಟಿದರು.

ಈ ಅಲೆ ಭಾರತವನ್ನೂ ಮುಟ್ಟಿತು. 1867ರ ಮ್ಯಾಂಚೆಸ್ಟರ್ ವಿಚಾರಣೆಯ ವೇಳೆ ಆರೋಪಿಗಳ ವಕೀಲ ಡಬ್ಲ್ಯು.ಪಿ. ರಾಬರ್ಟ್ಸ್ ಅವರ ಮನೆಯಲ್ಲಿ ಅತಿಥಿಯಾಗಿದ್ದ ಇಪ್ಪತ್ತರ ಹರೆಯದ ತರುಣಿಯೊಬ್ಬಳು ನ್ಯಾಯಾಲಯದ ದೃಶ್ಯಗಳನ್ನು ಕಣ್ಣಾರೆ ಕಂಡಿದ್ದಳು. ಆಕೆಯೇ ಮುಂದೆ ಆನಿ ಬೆಸೆಂಟ್ ಎಂದು ಹೆಸರಾದವರು. ತಮ್ಮ ಆತ್ಮಕಥೆಯಲ್ಲಿ ಆ ಅನುಭವವನ್ನು ಅವರು ದಾಖಲಿಸಿದ್ದಾರೆ. 1916ರ ಸೆಪ್ಟೆಂಬರ್‌ನಲ್ಲಿ ಮದರಾಸಿನಲ್ಲಿ ಅವರು ಹೋಮ್ ರೂಲ್ ಲೀಗ್ ಸ್ಥಾಪಿಸಿದರು. ಅದಕ್ಕೂ ಮುನ್ನ ಏಪ್ರಿಲ್‌ನಲ್ಲಿ ಬಾಲಗಂಗಾಧರ ತಿಲಕರು ತಮ್ಮ ಹೋಮ್ ರೂಲ್ ಲೀಗ್‌ಗೆ ಚಾಲನೆ ನೀಡಿದ್ದು ಬೆಳಗಾವಿಯಲ್ಲಿ. ಸ್ವರಾಜ್ಯದ ಬೇಡಿಕೆಗೆ ಕನ್ನಡ ನೆಲದಲ್ಲಿ ದೊರೆತ ಆ ಹೆಸರು ಐರ್ಲೆಂಡ್‌ನ ಎರವಲು. ತಿಲಕರ ಲೀಗ್ ಸ್ಥಾಪನೆಯಾದ ಅದೇ ತಿಂಗಳ ಕೊನೆಯ ವಾರದಲ್ಲಿ ಡಬ್ಲಿನ್ ನಗರ ಈಸ್ಟರ್ ದಂಗೆಯಿಂದ ಹೊತ್ತಿ ಉರಿಯುತ್ತಿತ್ತು. ಇನ್ನೊಂದು ಹಾದಿಯನ್ನು ಆರಿಸಿಕೊಂಡ ಸೂರ್ಯ ಸೇನ್ ಅವರ ತಂಡ 1930ರ ಏಪ್ರಿಲ್ 18ರ ಗುಡ್ ಫ್ರೈಡೆಯಂದು ಚಿತ್ತಗಾಂಗ್ ಶಸ್ತ್ರಾಗಾರದ ಮೇಲೆ ದಾಳಿ ಮಾಡಿದಾಗ ತನ್ನನ್ನು ‘ಇಂಡಿಯನ್ ರಿಪಬ್ಲಿಕನ್ ಆರ್ಮಿ’ ಎಂದು ಕರೆದುಕೊಂಡಿತ್ತು.

ಪೊಲೀಸ್ ಇತಿಹಾಸದಲ್ಲೂ ಫೀನಿಯನ್ನರ ಗುರುತು ಉಳಿದಿದೆ. 1881ರಿಂದ 1885ರವರೆಗೆ ಅಮೆರಿಕದಲ್ಲಿದ್ದ ಐರಿಷ್ ಗುಂಪುಗಳು ಬ್ರಿಟನ್‌ನಲ್ಲಿ ಡೈನಮೈಟ್ ಸ್ಫೋಟಗಳ ಸರಣಿ ನಡೆಸಿದವು. ಅದನ್ನು ಎದುರಿಸಲು 1883ರಲ್ಲಿ ಲಂಡನ್ ಪೊಲೀಸ್ ಇಲಾಖೆಯಲ್ಲಿ ‘ಸ್ಪೆಷಲ್ ಐರಿಷ್ ಬ್ರಾಂಚ್’ ರಚನೆಯಾಯಿತು. ಕಾಲಾನಂತರ ನಡುವಿನ ‘ಐರಿಷ್’ ಉದುರಿ ‘ಸ್ಪೆಷಲ್ ಬ್ರಾಂಚ್’ ಉಳಿಯಿತು. ನಮ್ಮ ದೇಶದ ಪೊಲೀಸ್ ವ್ಯವಸ್ಥೆಗೂ ಪರಿಚಿತವಾದ ಈ ಹೆಸರಿನ ಹುಟ್ಟು ಅಲ್ಲಿದೆ.

ಗೌರವದ ಪಟ್ಟ

1915ರ ಆಗಸ್ಟ್ 1ರಂದು ಡಬ್ಲಿನ್‌ನ ಗ್ಲಾಸ್‌ನೆವಿನ್ ಸ್ಮಶಾನದಲ್ಲಿ ಒಡೊನೊವನ್ ರೊಸಾ ಅವರ ಅಂತ್ಯಕ್ರಿಯೆ ನಡೆಯಿತು. ಸಮಾಧಿಯ ಮುಂದೆ ನಿಂತು ಪ್ಯಾಟ್ರಿಕ್ ಪಿಯರ್ಸ್ ಮಾಡಿದ ಭಾಷಣದಲ್ಲಿ, ಫೀನಿಯನ್ನರ ಸಮಾಧಿಗಳು ಈ ನೆಲದಲ್ಲಿ ಇರುವವರೆಗೆ ಪರತಂತ್ರ ಐರ್ಲೆಂಡ್ ಶಾಂತವಾಗಿರದು ಎಂಬ ಆಶಯವಿತ್ತು. ಒಂಬತ್ತು ತಿಂಗಳೊಳಗೆ ಈಸ್ಟರ್ ದಂಗೆ ನಡೆಯಿತು. ಅದರ ಘೋಷಣಾಪತ್ರಕ್ಕೆ ಮೊದಲ ಸಹಿ ಹಾಕಿದವರು ಥಾಮಸ್ ಕ್ಲಾರ್ಕ್. ಡೈನಮೈಟ್ ಪ್ರಕರಣದಲ್ಲಿ ಹದಿನೈದು ವರ್ಷ ಸೆರೆಮನೆಯಲ್ಲಿ ಕಳೆದ ಹಳೆಯ ಫೀನಿಯನ್. ಹಳೆಯ ಫೀನಿಯನ್ನರಲ್ಲೇ ಒಬ್ಬರಾದ ಜಾನ್ ಒಲಿಯರಿ ಕವಿ ಯೇಟ್ಸ್‌ಗೆ ಗುರುಸಮಾನರಾಗಿದ್ದರು. 1924ರಲ್ಲಿ ಬ್ರದರ್‌ಹುಡ್ ವಿಸರ್ಜನೆಗೊಂಡಿತು. ಹೆಸರು ಮಾತ್ರ ಉಳಿಯಿತು. 1926ರಲ್ಲಿ ಡಿ ವೆಲೆರಾ ಸ್ಥಾಪಿಸಿದ ಪಕ್ಷ ‘ಫಿಯಾನ ಫಾಲ್’. ಸ್ವತಂತ್ರ ಐರ್ಲೆಂಡ್‌ನ ಸೈನಿಕರ ಟೋಪಿಯ ಲಾಂಛನದಲ್ಲೂ ಅದೇ ಪುರಾತನ ಪಡೆಯ ಹೆಸರಿನ ಅಕ್ಷರಗಳಿವೆ.

ಬೈಗುಳದ ಹಾದಿ

ಗಡಿಯ ಉತ್ತರಕ್ಕೂ ಸಮುದ್ರದಾಚೆಯ ಸ್ಕಾಟ್ಲೆಂಡ್‌ಗೂ ಬಂದರೆ ಚಿತ್ರ ಬೇರೆ. ಕ್ಷಾಮದ ನಂತರ ಗ್ಲಾಸ್ಗೋದ ಕಾರ್ಖಾನೆ, ಹಡಗುಕಟ್ಟೆಗಳಿಗೆ ಐರಿಷ್ ಕ್ಯಾಥೊಲಿಕ್ ಕೂಲಿಗಳು ದೊಡ್ಡ ಸಂಖ್ಯೆಯಲ್ಲಿ ವಲಸೆ ಬಂದರು. ಕೆಲಸ, ಮನೆ, ವೇತನಗಳ ಪೈಪೋಟಿಗೆ ಧರ್ಮದ್ವೇಷ ಬೆರೆಯಿತು. 1886ರಿಂದ ಮುಂದೆ ಹೋಮ್ ರೂಲ್ ಮಸೂದೆಗಳು ಸಂಸತ್ತಿಗೆ ಬಂದಾಗಲೆಲ್ಲ ಕ್ಯಾಥೊಲಿಕರೆಲ್ಲರೂ ರಾಜದ್ರೋಹಿಗಳೆಂಬ ಪ್ರಚಾರ ನಡೆಯಿತು. ಫೀನಿಯನ್ ಪ್ರಮಾಣ ಸ್ವೀಕರಿಸಿದವನೂ, ಅದನ್ನು ಪಾಪವೆಂದು ಖಂಡಿಸಿದ ಪಾದ್ರಿಯೂ, ರಾಜಕೀಯದ ಗೊಡವೆಯೇ ಇಲ್ಲದ ಕೂಲಿಯಾಳೂ ಒಂದೇ ಹೆಸರಿನಡಿ ಬಂದರು. ಹೆಸರು, ಶಾಲೆ, ವಾಸದ ಬೀದಿ ಇವಿಷ್ಟೇ ಒಬ್ಬನನ್ನು ಫೀನಿಯನ್ ಎಂದು ತೀರ್ಮಾನಿಸಲು ಸಾಕಾಯಿತು.

ಗ್ಲಾಸ್ಗೋದಲ್ಲಿ ಎರಡು ಮಹಾಯುದ್ಧಗಳ ನಡುವೆ ಹುಟ್ಟಿದ ‘ಬಿಲ್ಲಿ ಬಾಯ್ಸ್’ ಹಾಡು ಫೀನಿಯನ್ನರ ರಕ್ತಪಾತವನ್ನು ಹಿಗ್ಗಿನಿಂದ ವರ್ಣಿಸುತ್ತದೆ. ಈ ಹಾಡು ಫುಟ್ಬಾಲ್ ಗ್ಯಾಲರಿಗಳನ್ನು ಪ್ರವೇಶಿಸಿತು. ಬೆಂಬಲಿಗರ ಕೋಮುದ್ವೇಷದ ಗೀತೆಗಳಿಗಾಗಿ ಯುರೋಪಿನ ಫುಟ್ಬಾಲ್ ಸಂಸ್ಥೆ ಯುಇಎಫ್‌ಎ 2006 ಮತ್ತು 2011ರಲ್ಲಿ ರೇಂಜರ್ಸ್ ಕ್ಲಬ್‌ಗೆ ದಂಡ ವಿಧಿಸಿತು. 2019ರಲ್ಲಿ ಕ್ರೀಡಾಂಗಣದ ಒಂದು ಭಾಗವನ್ನೇ ಮುಚ್ಚಿಸಿತು.

ಕಾನೂನಿನ ಹಾದಿ ಸುಗಮವಾಗಿರಲಿಲ್ಲ. ಫುಟ್ಬಾಲ್ ಪಂದ್ಯಗಳಲ್ಲಿನ ನಿಂದನೆ ತಡೆಯಲು 2012ರಲ್ಲಿ ಸ್ಕಾಟ್ಲೆಂಡ್ ವಿಶೇಷ ಕಾಯ್ದೆ ತಂದಿತು. ಅದು ಅಸ್ಪಷ್ಟವೆಂದೂ ಅಭಿಪ್ರಾಯ ಸ್ವಾತಂತ್ರ್ಯಕ್ಕೆ ಮಾರಕವೆಂದೂ ಟೀಕೆಗೊಳಗಾಗಿ 2018ರಲ್ಲಿ ರದ್ದಾಯಿತು. 2021ರಲ್ಲಿ ಅಂಗೀಕಾರವಾದ ದ್ವೇಷಾಪರಾಧ ಕಾಯ್ದೆ 2024ರ ಏಪ್ರಿಲ್ 1ರಿಂದ ಜಾರಿಗೆ ಬಂದಿತು. ತೊಡಕು ಇರುವುದು ಪದದ ಸ್ವರೂಪದಲ್ಲೇ. 1867ರ ಹುತಾತ್ಮರನ್ನು ಸ್ಮರಿಸುವ ಹಾಡಿನಲ್ಲೂ ಇರುವುದು ಅದೇ ಪದ, ನೆರೆಯವನ ಸಾವು ಬಯಸುವ ಹಾಡಿನಲ್ಲೂ ಅದೇ ಪದ. ಪದವನ್ನು ನಿಷೇಧಿಸಿದರೆ ಚರಿತ್ರೆಗೆ ಏಟು. ಬಿಟ್ಟರೆ ಬೀದಿಯಲ್ಲಿ ನಡೆಯುವವನಿಗೆ ಏಟು. ಆದುದರಿಂದ ಯಾರು, ಯಾರಿಗೆ, ಯಾವ ಉದ್ದೇಶದಿಂದ ನುಡಿದರು ಎಂಬುದನ್ನು ಪ್ರತಿ ಸಲವೂ ತೂಗಿ ನೋಡದೆ ಗತ್ಯಂತರವಿಲ್ಲ.

ಬೈಗುಳಕ್ಕೆ ಗುರಿಯಾದವರು ಇನ್ನೊಂದು ಉತ್ತರವನ್ನೂ ಕಂಡುಕೊಂಡಿದ್ದಾರೆ. ಬೆಲ್‌ಫಾಸ್ಟ್‌ನ ಐರಿಷ್ ಭಾಷೆಯ ರ‍್ಯಾಪ್ ತಂಡ ‘ನೀಕ್ಯಾಪ್’ ತನ್ನ ಹಾಡೊಂದರ ಶೀರ್ಷಿಕೆಯಲ್ಲಿಯೇ ಈ ಪದವನ್ನು ಧರಿಸಿ ಮೆರೆದಿದೆ. ಬೈದವನ ಬಾಯಿಂದ ಪದವನ್ನು ಕಿತ್ತುಕೊಂಡು ತಮ್ಮದಾಗಿಸಿಕೊಳ್ಳುವ ಯತ್ನವದು. 1998ರ ಗುಡ್ ಫ್ರೈಡೆ ಒಪ್ಪಂದದ ನಂತರ ಬೆಳೆದ ಪೀಳಿಗೆಗೆ ಇದು ಸಾಧ್ಯವಾಗಿದೆ. ಆದರೆ ಹಿಂಸೆಯ ವರ್ಷಗಳಲ್ಲಿ ಈ ಪದವನ್ನು ಕೇಳಿದ ಮರುಗಳಿಗೆಯೇ ಓಡಿ ಜೀವ ಉಳಿಸಿಕೊಳ್ಳಬೇಕಾಗಿದ್ದವರಿಗೆ ಅದು ಅಷ್ಟು ಸುಲಭವಲ್ಲ.

ಪದ ಕಲಿಸುವ ಪಾಠ

ಒಮಹೋನಿ ಪುರಾಣದಿಂದ ಎತ್ತಿ ತಂದ ಪದ, ಸ್ವಂತ ನಿರ್ಧಾರದಿಂದ ಪ್ರಮಾಣ ಸ್ವೀಕರಿಸಿದ ಸಾವಿರಾರು ಜನರ ಹೆಸರಾಗಿತ್ತು. ಅವರು ಮಾಡಿದ ಕೃತ್ಯಗಳಲ್ಲಿ ಸಾಹಸವೂ ಇತ್ತು, ಅಮಾಯಕರ ಸಾವಿಗೆ ಕಾರಣವಾದ ಹೊಣೆಗೇಡಿತನವೂ ಇತ್ತು. ಆ ಕೃತ್ಯಗಳನ್ನು ಹೊಗಳಬಹುದು, ತೆಗಳಬಹುದು. ಏಕೆಂದರೆ ಅವು ಆಯ್ಕೆಯ ಫಲ. ಅದೇ ಪದ ಕೂಸೊಂದರ ಹುಟ್ಟಿಗೆ ಅಂಟಿಕೊಂಡಾಗ ಅಲ್ಲಿ ಆಯ್ಕೆಯೂ ಇಲ್ಲ, ಬಿಡುಗಡೆಯೂ ಇಲ್ಲ. ಸಂಘ ಬಿಟ್ಟು ಹೊರಬರಬಹುದು, ಹುಟ್ಟು ಬಿಟ್ಟು ಹೊರಬರಲಾಗದು.

ಈ ಜಾರುವಿಕೆ ಒಂದೇ ದಿನದಲ್ಲಿ ಆದದ್ದಲ್ಲ. ಅವಸರದ ಶೀರ್ಷಿಕೆ, ವ್ಯಂಗ್ಯಚಿತ್ರ, ಚುನಾವಣಾ ಭಾಷಣ, ಗುಂಪಿನ ಹಾಡು ಇವೆಲ್ಲವೂ ಸ್ವಲ್ಪ ಸ್ವಲ್ಪವೇ ಅದಕ್ಕೆ ಕೈಜೋಡಿಸಿದವು. ಒಂದು ಗುಂಪಿನ ಕೃತ್ಯಕ್ಕೆ ಇಟ್ಟ ಹೆಸರನ್ನು ಇಡೀ ಸಮುದಾಯದ ಮೇಲೆ ಹೊದಿಸುವ ಮುನ್ನ ಬರೆಯುವವರೂ ಓದುವವರೂ ಒಂದು ಕ್ಷಣ ನಿಂತು ಯೋಚಿಸಬೇಕೆಂಬುದಕ್ಕೆ ಫೀನಿಯನ್ ಪದದ ಚರಿತ್ರೆಗಿಂತ ಉತ್ತಮ ನಿದರ್ಶನ ಸಿಗುವುದು ಕಷ್ಟ. ಸ್ಟಾರ್ಮಾಂಟ್‌ನ ಅಧಿಕಾರದ ಕುರ್ಚಿಯಲ್ಲಿ ಕುಳಿತವರು ಬದಲಾಗಲು ನೂರು ವರ್ಷಕ್ಕಿಂತ ಹೆಚ್ಚು ಕಾಲ ಬೇಕಾಯಿತು. ಬೀದಿಯ ಮಾತು ಬದಲಾಗಲು ಇನ್ನೆಷ್ಟು ಕಾಲ ಬೇಕೆಂಬುದನ್ನು ಬೆಲ್‌ಫಾಸ್ಟ್ ಮತ್ತು ಗ್ಲಾಸ್ಗೋಗಳ ಜನರೇ ತೀರ್ಮಾನಿಸಬೇಕಾಗಿದೆ.